ಗಿಟ್‌ನಲ್ಲಿ ಕನ್ನಡ ಫೈಲ್ ಹೆಸರು ಅಂಕಿಗಳಾಗಿ ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಟೈಪ್ ಮಾಡಿ, ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನಲ್ಲಿ ಇಡುತ್ತಿದ್ದೇನೆ. ಫೈಲ್‌ಗಳಿಗೆಲ್ಲ ಕನ್ನಡದಲ್ಲೇ ಹೆಸರು. ಫೋಲ್ಡರ್ ತೆರೆದರೆ ‘ಕೋಳಿ’ ಅಂತ ಸರಿಯಾಗಿಯೇ ಇದೆ. ಏನು ಬದಲಾಗಿದೆ ಅಂತ ನೋಡಲು ‘ಗಿಟ್ ಸ್ಟೇಟಸ್’ ಆಜ್ಞೆ ಕೊಟ್ಟರೆ ಮಾತ್ರ \340\262\225\340\263\213 ಅಂತ ಉದ್ದಕ್ಕೆ ಅಂಕಿಗಳು ಬರುತ್ತವೆ. ಫೈಲ್ ಹಾಳಾಯಿತಾ? ಹೆಸರನ್ನೆಲ್ಲ ಇಂಗ್ಲಿಷಿಗೆ ಬದಲಿಸು ಅಂತಾರೆ ಗೆಳೆಯರು. ಬಗ್ (ತಂತ್ರಾಂಶದ ದೋಷ) ಅಂತ ರಿಪೋರ್ಟ್ ಮಾಡಲಾ?

ಉತ್ತರ: ದಯವಿಟ್ಟು ಹೆಸರು ಬದಲಿಸಬೇಡಿ. ನಿಮ್ಮ ಫೈಲ್‌ಗೆ ಏನೂ ಆಗಿಲ್ಲ. ಇದು ಬಗ್ ಕೂಡ ಅಲ್ಲ.

ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ 3 ಬೈಟ್ ಬೇಕು. ಇಂಗ್ಲಿಷ್ ಅಕ್ಷರಗಳ ಆಚೆಗಿನ ಬೈಟ್ ಹೆಸರಿನಲ್ಲಿದ್ದರೆ ಗಿಟ್ ಅದನ್ನು ಆಕ್ಟಲ್ (0ಯಿಂದ 7ರವರೆಗಿನ ಅಂಕಿಗಳಲ್ಲೇ ಬರೆಯುವ) ಅಂಕಿಯಾಗಿ ತೋರಿಸುತ್ತದೆ. ನೀವು ಕಳಿಸಿದ ಸಾಲಿನಲ್ಲಿ 340 262 225 ಅಂದರೆ ‘ಕ’. ಮುಂದಿನ 340 263 213 ಅಂದರೆ ‘ೋ’. ನಿಮ್ಮ ಕೋಳಿ ಅಲ್ಲೇ ಇದೆ.

ಟರ್ಮಿನಲ್‌ನಲ್ಲಿ ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ (git config --global core.quotepath false) ಕೊಡಿ. ಅಷ್ಟೇ, ಹೆಸರು ಕನ್ನಡದಲ್ಲೇ ಬರುತ್ತದೆ. ಆಮೇಲೂ ಒತ್ತಕ್ಷರ ಒಡೆದು ಕಂಡರೆ ಅದು ಟರ್ಮಿನಲ್ಲಿನ ಅಥವಾ ಫಾಂಟಿನ ತೊಂದರೆ, ಗಿಟ್‌ದಲ್ಲ.

ಈ ಅಂಕಿಗಳನ್ನು ಸುಮ್ನೆ ಕಾಟ ಅಂದುಕೊಳ್ಳಬೇಡಿ. ಮುಂದೆ ಯಾರಾದರೂ ಹಳೆಯ ಮ್ಯಾಕ್‌ನಿಂದ ನಿಮ್ಮ ಜೊತೆ ಕೈಜೋಡಿಸಿದರೆ ‘ಕೋಳಿ’ ಎರಡು ಸಲ ಕಾಣಿಸಬಹುದು. ನೋಡೋಕೆ ಎರಡೂ ಒಂದೇ. ‘ೋ’ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನದಂಡದಲ್ಲಿ) ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರನ್ನು ತುಂಡು ಮಾಡಿಯೇ ಇಡುತ್ತಿತ್ತು. ಆಗ ಕೋಟ್‌ಪಾತನ್ನು ಮತ್ತೆ ಟ್ರೂ ಮಾಡಿ ನೋಡಿ. ಒಂದರಲ್ಲಿ 340 263 213 ಇರುತ್ತದೆ. ಇನ್ನೊಂದರಲ್ಲಿ ಅದೇ ಜಾಗದಲ್ಲಿ 340 263 206, 340 263 202, 340 263 225. ಕಣ್ಣಿಗೆ ಕಾಣದ ವ್ಯತ್ಯಾಸ ಅಂಕಿಯಲ್ಲಿ ಸಿಕ್ಕಿಬೀಳುತ್ತದೆ. ಆ ಮ್ಯಾಕ್‌ನಲ್ಲಿ, ತುಂಡಾದ ಹೆಸರನ್ನು ಮತ್ತೆ ಕೂಡಿಸುವ ಗಿಟ್ ಸೆಟ್ಟಿಂಗ್ ‘ಕೋರ್.ಪ್ರಿಕಂಪೋಸ್‌ಯೂನಿಕೋಡ್’ (core.precomposeunicode) ಟ್ರೂ ಇದೆಯಾ ಅಂತ ನೋಡಿ. ಈಗಾಗಲೇ ಸೇರಿಹೋದ ತಪ್ಪು ಹೆಸರನ್ನು ಲಿನಕ್ಸ್ ಯಂತ್ರದಿಂದ ತೆಗೆದು ಕಮಿಟ್ ಮಾಡಿ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿ). ತೆಗೆಯುವ ಮೊದಲು ಎರಡರ ಒಳಗಿನ ಕಥೆಯೂ ಒಂದೇನಾ ಅಂತ ಓದಿ ನೋಡಿ, ಒಂದು ಸಾಲೂ ಕಳೆಯಬಾರದು ಅಲ್ವಾ?

ಇಷ್ಟೆಲ್ಲ ಮಾಡಿದರೂ ವರ್ತನೆ ವಿಚಿತ್ರವಾಗಿದ್ದರೆ ಖಂಡಿತ ರಿಪೋರ್ಟ್ ಮಾಡಿ. ಕನ್ನಡದಲ್ಲಿ ಹೆಸರಿಡುವವರು ಹೇಳದಿದ್ದರೆ ಕನ್ನಡದ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಹೊಸ ಖಾಲಿ ಫೋಲ್ಡರ್‌ನಲ್ಲಿ, ಒಂದೇ ಫೈಲ್ ಇಟ್ಟು, ಅದೇ ತೊಂದರೆ ಮತ್ತೆ ಬರುತ್ತದಾ ನೋಡಿ. ಇದಕ್ಕೇ ಜಾಸ್ತಿ ಸಮಯ ಕೊಡಿ. ಬೇರೆಯವರ ಯಂತ್ರದಲ್ಲಿ ಮರುಕಳಿಸದ ತೊಂದರೆಯನ್ನು ಸರಿಪಡಿಸುವುದು ತುಂಬ ಕಷ್ಟ.

ಆಮೇಲೆ ‘ಗಿಟ್ ಬಗ್‌ರಿಪೋರ್ಟ್’ ಕೊಡಿ. 2020ರಲ್ಲಿ ಬಂದ 2.27ನೇ ಆವೃತ್ತಿಯಿಂದ ಈ ಆಜ್ಞೆ ಇದೆ. ಅದು ನಿಮ್ಮ ಗಿಟ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ವಿವರ ಸೇರಿಸಿ ಒಂದು ಫೈಲ್ ಮಾಡಿಕೊಡುತ್ತದೆ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಅಂತ ಕೇಳುತ್ತದೆ. ತಾನಾಗಿ ಎಲ್ಲಿಗೂ ಕಳಿಸುವುದಿಲ್ಲ, ಓದಿ ನೋಡಿ ನೀವೇ ಕಳಿಸಬೇಕು. ವಿವರಣೆ ಇಂಗ್ಲಿಷಿನಲ್ಲಿರಲಿ. ಉದಾಹರಣೆಯ ಫೈಲ್ ಹೆಸರು ಮಾತ್ರ ‘ಕೋಳಿ’ ಅಂತಲೇ ಇರಲಿ.