ಸೋಡಾ ಬ್ರೆಡ್ ಇದ್ರೆ ಚಿಂತೆ ಬೇಡ

ಡಬ್ಲಿನ್‌ನಲ್ಲಿ ಪಕ್ಕದ ಮನೆಯವರು ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ (ಐರ್ಲೆಂಡ್‌ನ ರಾಷ್ಟ್ರೀಯ ಹಬ್ಬ) ಊಟಕ್ಕೆ ಕರೆದಿದ್ದಾರೆ, ಸಸ್ಯಾಹಾರಿ ಏನು ತಿನ್ನಲಿ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೋಗಿ. ಸೋಡಾ ಬ್ರೆಡ್ ಮಾಡಿರುವ ಸಾಧ್ಯತೆ ಜಾಸ್ತಿ. ಮೂಲತಃ ಹಿಟ್ಟು, ಮಜ್ಜಿಗೆ, ಉಪ್ಪು, ಅಡುಗೆ ಸೋಡಾ ಅಷ್ಟೇ; ಈಸ್ಟ್ ಇಲ್ಲ. ಮಜ್ಜಿಗೆಯ ಹುಳಿ ಸೋಡಾ ಜೊತೆ ಸೇರಿ ಹಿಟ್ಟು ಉಬ್ಬುತ್ತದೆ. ನಡುಭಾಗವೂ ಬೇಯಲಿ ಅಂತ ಮೇಲೆ ಚಾಕುವಿನಿಂದ ಆಳವಾಗಿ ಅಡ್ಡ-ಉದ್ದ ಗೀರಿರುತ್ತಾರೆ. ಬಿಸಿ ಇರುವಾಗಲೇ ಬೆಣ್ಣೆ ದಪ್ಪಗೆ ಸವರಿ ತಿನ್ನಿ.

ಕಾಲ್‌ಕ್ಯಾನನ್ ಅನ್ನೋ ಖಾದ್ಯವೂ ಇರಬಹುದು; ಅಂದ್ರೆ ಹಾಲು, ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ, ಎಲೆಕೋಸು. ಕೆಲವರು ಬೇಕನ್ (ಹಂದಿಮಾಂಸ) ಸೇರಿಸುತ್ತಾರೆ, ಮೊದಲೇ ಕೇಳಿಬಿಡಿ.

ಹಬ್ಬಕ್ಕೆ ಹಸಿರು ಬಣ್ಣ ಹಾಕಿದ ಬಿಯರ್? ಅದು ಅಮೆರಿಕದವರ ಚಾಳಿ. ಐರ್ಲೆಂಡ್‌ನಲ್ಲಿ 1927ರ ಕಾನೂನಿನಿಂದ ದಶಕಗಳ ಕಾಲ ಆ ದಿನ ಪಬ್‌ಗಳೇ ಮುಚ್ಚಿರುತ್ತಿದ್ದವು! ಬರಿಗೈಲಿ ಮಾತ್ರ ಹೋಗಬೇಡಿ, ಒಂದು ಡಬ್ಬಿ ಚಕ್ಕುಲಿ ಒಯ್ಯಿರಿ.