ಸುಟ್ಟ ಮಾಂಸದ ಹಾನಿಯನ್ನು ಚಹಾ ತಡೆಯಬಲ್ಲದೇ?

ಸುಟ್ಟ ಮಾಂಸ ತಿಂದಾಗ ಜೊತೆಗೆ ಚಹಾ ಕುಡಿದರೆ ಆ ಮಾಂಸದಲ್ಲಿನ ಮ್ಯುಟಾಜೆನ್‌ಗಳು, ಅಂದರೆ ಡಿಎನ್‌ಎಯನ್ನು ಕೆಡಿಸುವ ವಸ್ತುಗಳು, ನಿಷ್ಕ್ರಿಯವಾಗುತ್ತವೆಯೇ ಎಂದು ಕೇಳಿದ್ದೀರಿ. ಪ್ರಯೋಗಾಲಯದ ಮಟ್ಟಿಗೆ ಬಹುಪಾಲು ಹೌದು ಎನ್ನಬಹುದು. ಮನುಷ್ಯರ ವಿಷಯದಲ್ಲಿ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ.

ಮಾಂಸ ಅಥವಾ ಮೀನನ್ನು ಹೆಚ್ಚು ಉರಿಯಲ್ಲಿ ಸುಟ್ಟಾಗ, ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಮತ್ತು ಅಮೈನೋ ಆಮ್ಲಗಳಿಂದ ಹೆಟೆರೋಸೈಕ್ಲಿಕ್ ಅಮೈನ್‌ಗಳೆಂಬ ಮ್ಯುಟಾಜೆನ್‌ಗಳು ಹುಟ್ಟುತ್ತವೆ. 1970ರ ದಶಕದಲ್ಲಿ ಜಪಾನಿನ ತಕಾಶಿ ಸುಗಿಮುರಾ ಅವರ ತಂಡವು ಸುಟ್ಟ ಮೀನಿನ ಕರಕಲಿನಲ್ಲಿ ಮ್ಯುಟಾಜೆನ್‌ಗಳಿರುವುದನ್ನು ತೋರಿಸಿತು. ಗಮನಿಸಬೇಕಾದ ಸಂಗತಿಯೆಂದರೆ ಈ ಅಮೈನ್‌ಗಳು ನೇರವಾಗಿ ಡಿಎನ್‌ಎಯನ್ನು ಮುಟ್ಟುವುದಿಲ್ಲ. ಮುಖ್ಯವಾಗಿ ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವು ಅವುಗಳನ್ನು ಮಾರ್ಪಡಿಸಿದ ಮೇಲೆಯೇ ಅವು ಅಪಾಯಕಾರಿಯಾಗುತ್ತವೆ.

ಡಿಎನ್‌ಎ ಕೆಡಿಸುವ ಈ ಶಕ್ತಿಯನ್ನು ಅಳೆಯಲು ಏಮ್ಸ್ ಪರೀಕ್ಷೆಯಿದೆ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಾವೇ ತಯಾರಿಸಿಕೊಳ್ಳಲಾಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ತಳಿಯೊಂದಕ್ಕೆ ಮ್ಯುಟಾಜೆನ್ ಮತ್ತು ಇಲಿಯ ಯಕೃತ್ತಿನ ಸಾರವನ್ನು ಬೆರೆಸಿ, ಹಿಸ್ಟಿಡಿನ್ ತೀರಾ ಕಡಿಮೆಯಿರುವ ಮಾಧ್ಯಮದ ಮೇಲೆ ಹರಡುತ್ತಾರೆ. ಮ್ಯುಟೇಶನ್‌ನಿಂದ, ಅಂದರೆ ಡಿಎನ್‌ಎಯಲ್ಲಾದ ಬದಲಾವಣೆಯಿಂದ, ಆ ಸಾಮರ್ಥ್ಯವನ್ನು ಮರಳಿ ಪಡೆದ ಬ್ಯಾಕ್ಟೀರಿಯಾಗಳು ಮಾತ್ರ ಬೆಳೆದು, ಎಣಿಸಬಹುದಾದ ಚುಕ್ಕೆಗಳಾಗಿ ಕಾಣಿಸುತ್ತವೆ. ಇದಕ್ಕೆ ಚಹಾದ ಸಾರವನ್ನು ಸೇರಿಸಿದರೆ ಆ ಚುಕ್ಕೆಗಳು ಕಡಿಮೆಯಾಗುತ್ತವೆ. ಹಸಿರು ಚಹಾದಲ್ಲಿ ಇಜಿಸಿಜಿಯಂತಹ ಕ್ಯಾಟೆಚಿನ್‌ಗಳು, ಕಪ್ಪು ಚಹಾದಲ್ಲಿ ಥಿಯಾಫ್ಲೇವಿನ್‌ಗಳು ಎಂಬ ಸಸ್ಯಜನ್ಯ ರಾಸಾಯನಿಕಗಳು ಯಕೃತ್ತಿನ ಆ ಕಿಣ್ವವನ್ನು ತಡೆಯುತ್ತವೆ, ಸಕ್ರಿಯಗೊಂಡ ಅಣುಗಳೊಡನೆ ತಾವೇ ವರ್ತಿಸಿ ಅವುಗಳ ತೀಕ್ಷ್ಣತೆಯನ್ನು ಕುಗ್ಗಿಸುತ್ತವೆ. ಅಲ್ಲದೆ ನೈಟ್ರೈಟ್‌ನೊಡನೆ ವರ್ತಿಸಿ ನೈಟ್ರೋಸಮೈನ್‌ಗಳೆಂಬ ಕ್ಯಾನ್ಸರ್‌ಕಾರಕಗಳು ರೂಪುಗೊಳ್ಳದಂತೆಯೂ ಮಾಡಬಲ್ಲವು. ನನ್ನ ಮಟ್ಟಿಗೆ ಈ ಕೊನೆಯದು ಹೆಚ್ಚು ನಂಬುವಂತಹದ್ದು, ಏಕೆಂದರೆ ಅದು ನಡೆಯಬೇಕಾದದ್ದು ಜಠರದಲ್ಲಿ, ಚಹಾ ಇನ್ನೂ ಗಾಢವಾಗಿರುವ ಜಾಗದಲ್ಲಿ.

ತೊಡಕಿರುವುದು ರಕ್ತದಲ್ಲಿ. ಕ್ಯಾಟೆಚಿನ್‌ಗಳಲ್ಲಿ ಅಲ್ಪ ಪಾಲು ಮಾತ್ರ ಕರುಳಿನಿಂದ ಹೀರಲ್ಪಡುತ್ತದೆ. ಪರೀಕ್ಷೆಗಳಲ್ಲಿ ಬಳಸುವ ಸಾಂದ್ರತೆ ಎರಡು ಕಪ್ ಚಹಾದಿಂದ ದೇಹದೊಳಗೆ ಸಾಮಾನ್ಯವಾಗಿ ಬರುವುದಿಲ್ಲ. ಹಸಿರು ಚಹಾ ಕ್ಯಾನ್ಸರ್ ತಡೆಯುತ್ತದೆಯೇ ಎಂಬುದರ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯೂ ಮಾನವ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲವೆಂದೇ ಹೇಳಿತು.

ಆದ್ದರಿಂದ ಉರಿ ತಗ್ಗಿಸಿ, ಆಗಾಗ ಮಗುಚುತ್ತಾ ಬೇಯಿಸಿ, ಕರಕಲನ್ನು ಕತ್ತರಿಸಿ ತೆಗೆಯುವುದು ಚಹಾಕ್ಕಿಂತ ಖಚಿತವಾದ ದಾರಿ. ಚಹಾವನ್ನು ಇಷ್ಟಪಟ್ಟು ಕುಡಿಯಿರಿ, ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಬೇಡ: ಅಷ್ಟು ಬಿಸಿ ಪಾನೀಯಗಳನ್ನು 2016ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಕ್ಯಾನ್ಸರ್‌ಕಾರಕವಾಗಿರುವ ಸಂಭವವುಳ್ಳವುಗಳ ಪಟ್ಟಿಗೆ ಸೇರಿಸಿದೆ. ಕ್ಯಾಟೆಚಿನ್ ಕ್ಯಾಪ್ಸೂಲ್‌ಗಳ ಗೋಜಿಗಂತೂ ಹೋಗಬೇಡಿ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಹಾಗೆ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾಗುವ ಸೂಚನೆಗಳು ಕಂಡುಬಂದಿವೆ.