ಜೋಯಿಸರು ಮೂವರೇ ಇರಬೇಕಾ?

ಪ್ರಶ್ನೆ: ಅಕ್ಕಾ, ನಮ್ಮ ಚರ್ಚಿನ ಕನ್ನಡ ಮಕ್ಕಳು ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ಕಥೆ ಆಡುತ್ತಿದ್ದಾರೆ. ನಕ್ಷತ್ರ ನೋಡಿ ಕೂಸು ಯೇಸುವನ್ನು ಕಾಣಲು ಬಂದ ಜೋಯಿಸರ ಪಾತ್ರವೇ ಬೇಕೆಂದು ಐದು ಹುಡುಗರ ಹಟ. ಇಬ್ಬರನ್ನು ಬಿಡಲೇಬೇಕಾ?
– ಓದುಗರೊಬ್ಬರು, ಗೋರೆಗಾಂವ್, ಮುಂಬೈ

ಉತ್ತರ: ಯಾರನ್ನೂ ಬಿಡಬೇಡಿ ತಂಗಿ. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯ ತೆಗೆದು ನೋಡಿ. ಜೋಯಿಸರು ಬಂದರು ಅಂತಿದೆ, ಎಷ್ಟು ಜನ ಅಂತಿಲ್ಲ. ಚಿನ್ನ, ಧೂಪ, ರಕ್ತಬೋಳ (ಸುವಾಸನೆಯ ಅಂಟು) ಅಂತ ಕಾಣಿಕೆ ಮೂರು, ಹಾಗಾಗಿ ಮೂವರು ಅನ್ನುವುದು ರೂಢಿಗೆ ಬಂತು, ಅಷ್ಟೇ.

ಸಂಡೇ ಸ್ಕೂಲಿನಲ್ಲಿ ನಾನೂ ಒಬ್ಬ ಹುಡುಗನನ್ನು ಹೀಗೇ ಕೈಬಿಟ್ಟಿದ್ದೆ. ಅಮ್ಮನ ಜರಿ ದುಪಟ್ಟಾ ತಲೆಗೆ ಸುತ್ತಿಕೊಂಡೇ ಬಂದಿದ್ದ. ಪರದೆಯ ಪಕ್ಕ ನಿಂತು ಎಲ್ಲರ ಮಾತನ್ನೂ ತುಟಿಯಲ್ಲೇ ಹೇಳುತ್ತಿದ್ದ. ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾಲ್ಕನೆಯವನ ಕೈಗೆ ಲಾಟೀನು ಕೊಡಿ, ಐದನೆಯವನಿಗೆ ಒಂಟೆಯ ಹಗ್ಗ. ಇಬ್ಬರಿಗೂ ಒಂದೊಂದು ಮಾತು ಇರಲಿ.